ಏಕಾಕಿನಿಯ ಭಾವಲೋಕ: ಚಿತ್ರಕಾರ ರವಿವರ್ಮನ ಬಾಳು ಮತ್ತು ಒಂದು ಚಿತ್ರದ ಓದು

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡಿಬಂದವರು ಮರೆಯದೆ ನೆನೆಯುವ ಚಿತ್ರವೊಂದಿದೆ. ಕತ್ತಲೆಯ ಹಿನ್ನೆಲೆಯಲ್ಲಿ ಹೆಣ್ಣೊಬ್ಬಳು ಒಂಟಿಯಾಗಿ ನಿಂತಿದ್ದಾಳೆ. ಅವಳ ಒಂದು ಕೈಯಲ್ಲಿ ದೀಪವಿದೆ. ಇನ್ನೊಂದು ಅಂಗೈ ಆ ದೀಪದ ಕುಡಿಗೆ ಮರೆಯಾಗಿದೆ. ಬೆರಳುಗಳ ಸಂದಿನಿಂದ ಸೋಸಿ ಬರುವ ಬೆಳಕು ಅವಳ ಮುಖವನ್ನೂ ಸೀರೆಯ ಮಡಿಕೆಗಳನ್ನೂ ಬೆಳಗುತ್ತದೆ. ಈ ಚಿತ್ರದ ಮುಂದೆ ನಿಂತವರಲ್ಲಿ ಅನೇಕರು ಇದನ್ನು ರವಿವರ್ಮನ ಕೃತಿಯೆಂದು ನಂಬಿ, ಹಾಗೆಂದೇ ಊರಿಗೆ ಮರಳಿ ಹೇಳುತ್ತಾರೆ. ವಾಸ್ತವವಾಗಿ ಇದನ್ನು ರಚಿಸಿದವರು ಮುಂಬಯಿಯ ಚಿತ್ರಕಾರ ಸಾವಳಾರಾಮ ಲಕ್ಷ್ಮಣ ಹಳದಣಕರ್ ಅವರು. ಸಾವಂತವಾಡಿಯಲ್ಲಿ 1882ರಲ್ಲಿ ಹುಟ್ಟಿ, ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಓದಿ, 1908ರಲ್ಲಿ ಅದೇ ನಗರದಲ್ಲಿ ತಮ್ಮದೇ ಕಲಾಶಿಕ್ಷಣ ಸಂಸ್ಥೆಯನ್ನು ತೆರೆದ ಅವರು, ತಮ್ಮ ಮಗಳನ್ನೇ ಮಾದರಿಯಾಗಿ ನಿಲ್ಲಿಸಿಕೊಂಡು 1940ರ ದಶಕದ ನಡುವೆ ಇದನ್ನು ಜಲವರ್ಣದಲ್ಲಿ ಬರೆದರು. ಆ ವೇಳೆಗೆ ರವಿವರ್ಮನು ತೀರಿಕೊಂಡು ಸುಮಾರು ನಾಲ್ಕು ದಶಕಗಳು ಕಳೆದಿದ್ದುವು. ಅಲ್ಲದೆ ರವಿವರ್ಮನ ಕೀರ್ತಿ ನಿಂತಿರುವುದು ತೈಲವರ್ಣದ ಮೇಲೆ.

ಈ ತಪ್ಪನ್ನು ತಿದ್ದುವುದು ಸುಲಭ. ಅದು ಏಕೆ ಹುಟ್ಟಿತೆಂದು ಕೇಳಿಕೊಳ್ಳುವುದು ಹೆಚ್ಚು ಪ್ರಯೋಜನಕರ. ಒಂಟಿಯಾಗಿ ನಿಂತು ಯಾವುದೋ ಚಿಂತೆಯಲ್ಲಿ ಮುಳುಗಿದ ಭಾರತೀಯ ಹೆಣ್ಣಿನ ಚಿತ್ರವನ್ನು ಕಂಡೊಡನೆ ನಮ್ಮ ಬಾಯಿಗೆ ರವಿವರ್ಮನ ಹೆಸರು ತಾನಾಗಿ ಬರುತ್ತದೆಯಾದರೆ, ಆ ಬಗೆಯ ಚಿತ್ರದ ಕಲ್ಪನೆಯನ್ನೇ ಅವನು ನಮ್ಮ ಮನಸ್ಸಿನಲ್ಲಿ ಬಿತ್ತಿಹೋಗಿದ್ದಾನೆ ಎಂದರ್ಥ. ಮುಂಬಯಿಯಲ್ಲಿ ಕನ್ನಡವನ್ನು ಅಭ್ಯಾಸ ಮಾಡುವವರಿಗೆ ಈ ಸಂಗತಿ ಇನ್ನಷ್ಟು ಹತ್ತಿರದ್ದು. ಮೈಸೂರಿನಲ್ಲಿರುವ ಚಿತ್ರವನ್ನು ಬರೆದವರು ಮುಂಬಯಿಯವರು. ಕೇರಳದ ರವಿವರ್ಮನ ಹೆಸರು ಭಾರತದ ಮನೆಮನೆಯನ್ನು ಮುಟ್ಟಿದ್ದೂ ಮುಂಬಯಿಯ ಒಂದು ಮುದ್ರಣಾಲಯದ ಮೂಲಕ. ಆದ್ದರಿಂದ ರವಿವರ್ಮನ ಬಾಳನ್ನು ಅನುಸರಿಸುತ್ತ ಹೋಗಿ, ಅವನ ಏಕಾಕಿನಿಯರಲ್ಲಿ ಒಬ್ಬಳಾದ ದಮಯಂತಿಯ ಬಳಿ ತುಸು ಹೊತ್ತು ನಿಂತು, ಅವಳ ಭಾವವನ್ನೂ ಆ ಚಿತ್ರದ ಸಂಕೇತಗಳನ್ನೂ ಓದುವುದು ಈ ಲೇಖನದ ಉದ್ದೇಶ.

ರವಿವರ್ಮನು ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ಈ ಮನೆತನವು ರಾಜಮನೆತನದೊಡನೆ ವಿವಾಹಸಂಬಂಧವನ್ನು ಹೊಂದಿದ್ದುದು. ತಾಯಿ ಉಮಾಂಬಾಬಾಯಿ ಸ್ವತಃ ಕವಯಿತ್ರಿ. ಪಾರ್ವತೀಸ್ವಯಂವರದ ಕಥೆಯನ್ನು ತುಳ್ಳಲ್ ಪ್ರಬಂಧವಾಗಿ ರಚಿಸಿದವಳು. ತಂದೆ ಸಂಸ್ಕೃತ ವಿದ್ವಾಂಸ. ಸೋದರಮಾವ ರಾಜರಾಜವರ್ಮನು ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುತ್ತಿದ್ದವನು. ಇದೇ ಮನೆತನದ ಹಿಂದಿನ ತಲೆಮಾರಿನ ವಿದ್ವಾಂಸನೊಬ್ಬನು ರಾವಣವಿಜಯವೆಂಬ ಆಟ್ಟಕಥೆಯನ್ನು ಬರೆದಿದ್ದನು. ಹೀಗೆ ಪುರಾಣ, ಕಾವ್ಯ, ಕಥಕಳಿಯ ರಂಗಭೂಮಿ ಇವು ಬಾಲಕ ರವಿವರ್ಮನಿಗೆ ಪುಸ್ತಕದಿಂದ ಬಂದವಲ್ಲ, ಮನೆಯ ಗಾಳಿಯಲ್ಲೇ ಇದ್ದವು. ಮುಂದೆ ಅವನ ಚಿತ್ರಗಳಲ್ಲಿ ರಂಗಭೂಮಿಯ ಛಾಯೆ ಅತಿಯಾಯಿತೆಂದು ವಿಮರ್ಶಕರು ಆಕ್ಷೇಪಿಸಿದಾಗ ಈ ಹಿನ್ನೆಲೆಯನ್ನು ಅವರು ಸಾಕಷ್ಟು ಗಮನಿಸಲಿಲ್ಲ. ಕಥೆಯ ಪಾತ್ರವೊಂದು ಕಣ್ಣು, ಕತ್ತು, ಕೈಬೆರಳುಗಳಿಂದಲೇ ಮಾತಾಡಬಲ್ಲದೆಂಬ ಅರಿವು ಅವನಿಗೆ ಮೊದಲು ಬಂದದ್ದು ಅಭಿನಯದ ಲೋಕದಿಂದ ಎಂದು ಊಹಿಸುವುದು ಅಸಹಜವಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ, 1862ರಲ್ಲಿ, ಸೋದರಮಾವನು ಅವನನ್ನು ತಿರುವನಂತಪುರಕ್ಕೆ ಕರೆತಂದು ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯದಲ್ಲಿ ಬಿಟ್ಟನು. ಆಸ್ಥಾನದಲ್ಲಿ ತೈಲವರ್ಣವನ್ನು ಬಲ್ಲವನೆಂದರೆ ರಾಮಸ್ವಾಮಿ ನಾಯ್ಕರ್. ಆದರೆ ಆ ವಿದ್ಯೆಯನ್ನು ಈ ಹುಡುಗನಿಗೆ ಹೇಳಿಕೊಡಲು ಅವನು ಮನಸ್ಸು ಮಾಡಲಿಲ್ಲ. ಅವನ ಶಿಷ್ಯನಾಗಿದ್ದ ಆರುಮುಗಂ ಪಿಳ್ಳೈ ಗುಟ್ಟಾಗಿ ಒಂದಿಷ್ಟು ತಿಳಿಸಿಕೊಟ್ಟನೆಂದು ಹೇಳಲಾಗುತ್ತದೆ. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ರಾಜಮನೆತನದವರ ಭಾವಚಿತ್ರಗಳನ್ನು ಬರೆಯಲು ಬಂದನು. ಅವನೂ ಶಿಷ್ಯನಾಗಿ ಸ್ವೀಕರಿಸಲಿಲ್ಲ. ಕೆಲಸ ಮಾಡುವುದನ್ನು ನೋಡಲು ಮಾತ್ರ ಅವಕಾಶವಿತ್ತನು. ಹೀಗಾಗಿ ರವಿವರ್ಮನ ತೈಲವರ್ಣದ ಅಭ್ಯಾಸವೆಂಬುದು ಬಹುಮಟ್ಟಿಗೆ ನೋಡಿ ಕಲಿತದ್ದು, ಬರೆದು ಅಳಿಸಿ ಮತ್ತೆ ಬರೆದು ಕಲಿತದ್ದು. ಕ್ರಮವಾಗಿ ಗುರುಮುಖದಿಂದ ಪಡೆಯದ ವಿದ್ಯೆಯಾದ್ದರಿಂದ ಅವನ ಚಿತ್ರಗಳಲ್ಲಿ ಕೆಲವೆಡೆ ಅಂಗಾಂಗಗಳ ಪ್ರಮಾಣ ತಪ್ಪುವುದುಂಟು. ಅದೇ ಕಾರಣದಿಂದ ಅವನು ಯಾವ ಐರೋಪ್ಯ ಶಾಲೆಯ ಪಡಿಯಚ್ಚೂ ಆಗದೆ ಉಳಿದನೆಂಬುದನ್ನೂ ಗಮನಿಸಬೇಕು.

ಈ ನಡುವೆ 1866ರಲ್ಲಿ ಮಾವೇಲಿಕರ ರಾಜಮನೆತನದ ಭಾಗೀರಥಿಯೊಡನೆ ಅವನ ವಿವಾಹವಾಯಿತು. ಆ ಮನೆತನದ ಮಾತೃವಂಶ ಪದ್ಧತಿಯಂತೆ ಆಕೆ ತನ್ನ ತವರಿನಲ್ಲೇ ಉಳಿದಳು. ರವಿವರ್ಮನು ಮೊದಲು ಆಸ್ಥಾನದಲ್ಲಿ, ಅನಂತರ ಊರಿಂದೂರಿಗೆ, ಸಂಸ್ಥಾನದಿಂದ ಸಂಸ್ಥಾನಕ್ಕೆ ಅಲೆಯುವ ಬಾಳನ್ನು ಬಾಳಿದನು. ಇಬ್ಬರು ಗಂಡುಮಕ್ಕಳೂ ಮೂವರು ಹೆಣ್ಣುಮಕ್ಕಳೂ ಹುಟ್ಟಿದ ಈ ದಾಂಪತ್ಯದಲ್ಲಿ ಗಂಡನು ಮನೆಯಲ್ಲಿದ್ದ ದಿನಗಳಿಗಿಂತ ಪ್ರವಾಸದಲ್ಲಿದ್ದ ದಿನಗಳೇ ಹೆಚ್ಚು. ಭಾಗೀರಥಿ 1891ರಲ್ಲಿ ತೀರಿಕೊಂಡಳು. ಕಾಯುವ ಹೆಣ್ಣನ್ನು ಮತ್ತೆ ಮತ್ತೆ ಬರೆದ ಚಿತ್ರಕಾರನ ಬಾಳಿನಲ್ಲಿ ಕಾಯುತ್ತಿದ್ದ ಹೆಣ್ಣೊಬ್ಬಳಿದ್ದಳು ಎಂಬುದು ನಿಜ. ಆದರೆ ಇದರಿಂದ ಆ ಚಿತ್ರಗಳೆಲ್ಲ ಅವಳ ಚಿತ್ರಗಳೆಂದು ತೀರ್ಮಾನಿಸಲು ಆಧಾರವಿಲ್ಲ. ಬಾಳಿಗೂ ಕೃತಿಗೂ ನಡುವೆ ಅಷ್ಟು ನೇರವಾದ ದಾರಿಯನ್ನು ಎಳೆಯುವುದು ವಿಮರ್ಶೆಯ ಸೋಮಾರಿತನವಾಗುತ್ತದೆ.

ಕರ್ನಾಟಕದೊಡನೆ ರವಿವರ್ಮನ ಮೊದಲ ಸಂಬಂಧ ಭಕ್ತಿಯದು. ಚಿತ್ರಕಲೆಯನ್ನೇ ವೃತ್ತಿಯಾಗಿ ಹಿಡಿಯಬೇಕೆ ಬೇಡವೆ ಎಂದು ತೊಳಲುತ್ತಿದ್ದ ಕಾಲದಲ್ಲಿ, 1870ರಲ್ಲಿ, ಅವನು ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಯಾತ್ರೆ ಮಾಡಿ, 41 ದಿನಗಳ ವ್ರತವನ್ನು ನಡೆಸಿದನು. ಅಲ್ಲಿಂದ ಮರಳುವ ದಾರಿಯಲ್ಲಿ ಕಲ್ಲಿಕೋಟೆಯಲ್ಲಿ ನ್ಯಾಯಾಧೀಶರೊಬ್ಬರ ಕುಟುಂಬದ ಭಾವಚಿತ್ರವನ್ನು ಬರೆಯುವ ಅವಕಾಶ ಒದಗಿತು. ಹಣ ಪಡೆದು ಬರೆದ ಮೊದಲ ಚಿತ್ರವಾಗಿ ಅವನ ಚರಿತ್ರಕಾರರು ಇದನ್ನು ಗುರುತಿಸುತ್ತಾರೆ. ಕ್ಷತ್ರಿಯ ಮನೆತನದವನೊಬ್ಬನು ಹಣಕ್ಕಾಗಿ ಕುಂಚ ಹಿಡಿಯುವುದು ಅಂದಿನ ಸಮಾಜದಲ್ಲಿ ಸಣ್ಣ ಹೆಜ್ಜೆಯಲ್ಲ. ಆ ಹೆಜ್ಜೆಯನ್ನಿಡಲು ಬೇಕಾದ ಧೈರ್ಯವನ್ನು ಅವನು ಪಡೆದದ್ದು ಕೊಡಚಾದ್ರಿಯ ತಪ್ಪಲಿನಲ್ಲಿ ಎಂಬ ಸಂಗತಿ ಕನ್ನಡಿಗರಿಗೆ ಸಂತೋಷವನ್ನು ತರುವಂಥದು.

ಅವನಿಗೆ ಸಾರ್ವಜನಿಕ ಕೀರ್ತಿಯನ್ನು ತಂದ ಮೊದಲ ಕೃತಿಯೂ ಏಕಾಕಿನಿಯ ಚಿತ್ರವೇ. ಮುಡಿಗೆ ಮಲ್ಲಿಗೆಯನ್ನು ಮುಡಿದುಕೊಳ್ಳುತ್ತಿರುವ ನಾಯರ್ ಮಹಿಳೆಯ ಚಿತ್ರವು 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ರಾಜ್ಯಪಾಲರ ಚಿನ್ನದ ಪದಕವನ್ನು ಪಡೆಯಿತು. ಅದೇ ವರ್ಷ ವಿಯೆನ್ನಾದ ಅಂತರರಾಷ್ಟ್ರೀಯ ಪ್ರದರ್ಶನದಲ್ಲೂ ಮನ್ನಣೆ ಗಳಿಸಿತು. ಇಲ್ಲಿ ಹೆಣ್ಣು ಒಂಟಿಯಾಗಿದ್ದರೂ ಕನ್ನಡಿ ಇದೆ. ಅವಳ ನೋಟಕ್ಕೆ ನೆಲೆಯಿದೆ. ಪುರಾಣದ ಭಾರವಿಲ್ಲದ ಈ ಚಿತ್ರದಲ್ಲಿ ಕಾಣುವುದು ತನ್ನಷ್ಟಕ್ಕೆ ತಾನಿರುವ ಒಂದು ಗಳಿಗೆಯ ಸಮಾಧಾನ. ಮೂರು ವರ್ಷಗಳ ಅನಂತರ ಅವನು ಬರೆದ ಪತ್ರಲೇಖನದ ಶಕುಂತಲೆಯನ್ನು ಮದರಾಸಿನ ರಾಜ್ಯಪಾಲ ಬಕಿಂಗ್‌ಹ್ಯಾಮ್ ಡ್ಯೂಕ್ ಕೊಂಡುಕೊಂಡನು. ಮೋನಿಯರ್ ವಿಲಿಯಮ್ಸ್ ಮಾಡಿದ ಶಾಕುಂತಲದ ಇಂಗ್ಲಿಷ್ ಅನುವಾದಕ್ಕೆ ಮುಖಚಿತ್ರವಾಗಿ ಆ ಚಿತ್ರ ಬಳಕೆಯಾಯಿತು. ಅಲ್ಲಿಂದ ಮುಂದೆ ರವಿವರ್ಮನ ನಾಯಿಕೆಯರು ಕಾವ್ಯದ ಪುಟಗಳಿಂದ ಇಳಿದು ಬರತೊಡಗಿದರು.

1880ರಲ್ಲಿ ಆಯಿಲ್ಯಂ ತಿರುನಾಳರು ತೀರಿಕೊಂಡರು. ಅವರ ತಮ್ಮ ವಿಶಾಖಂ ತಿರುನಾಳರ ಆಳ್ವಿಕೆಯಲ್ಲಿ ರವಿವರ್ಮನಿಗೆ ಹಿಂದಿನ ಆದರ ದೊರೆಯಲಿಲ್ಲ. ಅವನು ತಿರುವನಂತಪುರವನ್ನು ಬಿಟ್ಟನು. ಆಸ್ಥಾನದ ಬಾಗಿಲು ಮುಚ್ಚಿದ್ದರಿಂದಲೇ ಭಾರತದ ಬಾಗಿಲು ತೆರೆಯಿತೆನ್ನಬಹುದು. ಹಿಂದೆ ತಿರುವಾಂಕೂರಿನಲ್ಲಿ ದಿವಾನರಾಗಿದ್ದ ಟಿ. ಮಾಧವರಾಯರು ಆಗ ಬರೋಡೆಯಲ್ಲಿದ್ದರು. 1881ರಲ್ಲಿ ಸಯಾಜಿರಾವ್ ಗಾಯಕವಾಡರು ಅಧಿಕಾರ ವಹಿಸಿಕೊಂಡ ಸಂದರ್ಭದಲ್ಲಿ ರವಿವರ್ಮನೂ ಅವನ ತಮ್ಮ ರಾಜರಾಜವರ್ಮನೂ ಬರೋಡೆಗೆ ಹೋದರು. 1885ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ ಆಹ್ವಾನ ಬಂದಿತು. ಮೈಸೂರು ರಾಜಮನೆತನದವರ ಭಾವಚಿತ್ರಗಳು ಆಗ ರಚಿತವಾದುವು. 1888ರಲ್ಲಿ ಬರೋಡೆಯ ಮಹಾರಾಜರು ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಕುರಿತ 14 ಚಿತ್ರಗಳನ್ನು ಬರೆಯುವ ಕೆಲಸವನ್ನು ವಹಿಸಿದರು.

ಈ ಕೆಲಸ ಅವನ ಮುಂದೆ ಒಂದು ಕಠಿಣವಾದ ಪ್ರಶ್ನೆಯನ್ನಿಟ್ಟಿತು. ಸೀತೆ, ದ್ರೌಪದಿ, ದಮಯಂತಿಯರು ಉಟ್ಟ ಉಡುಗೆ ಯಾವುದು? ಅವರು ಮಲೆಯಾಳದ ಮುಂಡು ಉಟ್ಟವರೋ, ಮರಾಠಿ ಕಚ್ಚೆಯ ಸೀರೆ ಉಟ್ಟವರೋ, ಉತ್ತರದ ಘಾಗ್ರಾ ತೊಟ್ಟವರೋ? ಅಣ್ಣತಮ್ಮಂದಿರು ಉತ್ತರ ಭಾರತದಲ್ಲೆಲ್ಲ ಸಂಚರಿಸಿ ಜನರ ಉಡುಗೆತೊಡುಗೆಗಳನ್ನು ಗಮನಿಸಿದರು. ಎಲ್ಲ ಪ್ರಾಂತಗಳಿಗೂ ಸಮ್ಮತವಾಗುವ ಒಂದೇ ಉಡುಗೆ ಎಲ್ಲೂ ಸಿದ್ಧವಾಗಿ ದೊರೆಯಲಿಲ್ಲ. ಕೊನೆಗೆ ರವಿವರ್ಮನು ತನ್ನ ಬಹುಪಾಲು ನಾಯಿಕೆಯರಿಗೆ ಸೀರೆಯನ್ನೇ ಉಡಿಸಿದನು. ಯಾವ ಒಂದು ಪ್ರಾಂತಕ್ಕೂ ಪೂರ್ತಿಯಾಗಿ ಸೇರದೆ ಎಲ್ಲ ಪ್ರಾಂತದವರೂ ತಮ್ಮವಳೆಂದು ಒಪ್ಪಿಕೊಳ್ಳಬಹುದಾದ ಹೆಣ್ಣೊಬ್ಬಳು ಹೀಗೆ ರೂಪುಗೊಂಡಳು. ಅವಳ ಒಂಟಿತನಕ್ಕೆ ಇದೂ ಒಂದು ಕಾರಣವಾಗಿರಬಹುದೆ ಎಂಬ ವಿಚಾರ ಏಳುತ್ತದೆ: ಎಲ್ಲ ಊರಿಗೂ ಸೇರಿದವಳು ಯಾವ ಊರಿನ ನೆರೆಹೊರೆಯನ್ನೂ ಜೊತೆಗೆ ತರಲಾರಳು. ಬರೋಡೆಯ ಚಿತ್ರಗಳನ್ನು ಮುಂಬಯಿಯಲ್ಲಿ ಸಾರ್ವಜನಿಕರ ವೀಕ್ಷಣೆಗೆ ಇಟ್ಟಾಗ ಜನ ಕಿಕ್ಕಿರಿದು ಬಂದರು. 1893ರಲ್ಲಿ ಷಿಕಾಗೋದ ಪ್ರದರ್ಶನಕ್ಕೆ ಅವನು ಕಳುಹಿಸಿದ್ದ ಹತ್ತು ಚಿತ್ರಗಳು ಅಲ್ಲಿಯೂ ಪದಕಗಳನ್ನು ಗಳಿಸಿದುವು.

ಅರಮನೆಯ ಗೋಡೆಯಿಂದ ಸಾಮಾನ್ಯರ ಗೋಡೆಗೆ ಚಿತ್ರ ಬರಬೇಕಾದರೆ ಮುದ್ರಣ ಬೇಕು. ಚಿತ್ರಗಳನ್ನು ಯುರೋಪಿಗೆ ಕಳುಹಿಸಿ ವರ್ಣಮುದ್ರಣ ಮಾಡಿಸಬೇಕೆಂದು ಮಾಧವರಾಯರು 1884ರಷ್ಟು ಹಿಂದೆಯೇ ಸೂಚಿಸಿದ್ದರು. ಹತ್ತು ವರ್ಷಗಳ ಅನಂತರ, 1894ರಲ್ಲಿ, ಮುಂಬಯಿಯ ಗಿರಗಾಂವದಲ್ಲಿ ರವಿವರ್ಮನ ಮುದ್ರಣಾಲಯ ಪ್ರಾರಂಭವಾಯಿತು. ಶಕುಂತಲೆಯ ಜನನವು ಅಲ್ಲಿಂದ ಹೊರಬಂದ ಮೊದಲ ಚಿತ್ರ. ಯಂತ್ರಗಳೂ ಅವನ್ನು ನಡೆಸುವ ಕುಶಲಿಗಳೂ ಜರ್ಮನಿಯಿಂದ ಬಂದರು. ಈ ಕಲ್ಲಚ್ಚಿನ ವಿಧಾನದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಬೇರೆಯ ಕಲ್ಲು. ಮೂಲಚಿತ್ರದ ಬಣ್ಣಗಳನ್ನು ಬಿಡಿಸಿ, ಪ್ರತಿಯೊಂದರ ಪಾಲನ್ನು ಅದರದರ ಕಲ್ಲಿನ ಮೇಲೆ ಬರೆದು, ಒಂದೇ ಕಾಗದವನ್ನು ಮತ್ತೆ ಮತ್ತೆ ಅಚ್ಚಿಗೆ ಕೊಡಬೇಕು. ಒಂದು ಕಲ್ಲು ಕೂದಲೆಳೆಯಷ್ಟು ಸರಿದರೂ ಮುಖದ ಭಾವವೇ ಬದಲಾಗಿಬಿಡುತ್ತದೆ. ಕೊನೆಗೆ ಮೇಲ್ಮೈಗೆ ಹೊಳಪಿನ ಲೇಪ. ಹೀಗೆ ಸಿದ್ಧವಾದ ಲಕ್ಷ್ಮಿ, ಸರಸ್ವತಿ, ದಮಯಂತಿ, ಮೋಹಿನಿಯರು ಅಂಗಡಿ, ದೇವರಕೋಣೆ, ನಡುಮನೆಗಳನ್ನು ಸೇರಿದರು.

ಮುದ್ರಣಾಲಯವು ಕೀರ್ತಿಯನ್ನು ತಂದಿತು, ಲಾಭವನ್ನು ತರಲಿಲ್ಲ. 1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು ಕೆಲಸಗಾರರನ್ನು ಚದುರಿಸಿತು. ವ್ಯವಹಾರವನ್ನು ಲೋಣಾವಳದ ಬಳಿಯ ಮಳವಲಿಗೆ ಸಾಗಿಸಬೇಕಾಯಿತು. ಸಾಲ ಏರಿತು. ಕೊನೆಗೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ತನ್ನಲ್ಲಿ ಕುಶಲಿಯಾಗಿ ದುಡಿಯುತ್ತಿದ್ದ ಜರ್ಮನಿಯ ಫ್ರಿಟ್ಜ್ ಶ್ಲೈಶರನಿಗೇ ಮಾರಿದನು. ಚಲನಚಿತ್ರದ ಆದ್ಯರಾದ ದಾದಾಸಾಹೇಬ ಫಾಳಕೆಯವರು ಕೆಲಕಾಲ ದುಡಿದದ್ದು ಇದೇ ಮುದ್ರಣಾಲಯದಲ್ಲಿ. ಮಾರಾಟದೊಡನೆ ಚಿತ್ರಗಳು ಚಿತ್ರಕಾರನ ಹಿಡಿತದಿಂದ ತಪ್ಪಿಹೋದುವು. ಬೆಂಕಿಪೊಟ್ಟಣ, ಬಟ್ಟೆಯ ಗಂಟು, ಔಷಧದ ಜಾಹೀರಾತುಗಳ ಮೇಲೆ ಅವನ ನಾಯಿಕೆಯರೂ ಅವರ ಅನುಕರಣೆಗಳೂ ಕಾಣಿಸಿಕೊಂಡುವು. ಇಂದು ನಾವು ರವಿವರ್ಮನನ್ನು ನೋಡುತ್ತೇವೆಂದು ತಿಳಿದಾಗ ಎಷ್ಟೋ ವೇಳೆ ನೋಡುತ್ತಿರುವುದು ಕಲ್ಲಿನಿಂದ ಕಲ್ಲಿಗೆ, ಅಚ್ಚಿನಿಂದ ಅಚ್ಚಿಗೆ ದಾಟುತ್ತ ಸೂಕ್ಷ್ಮತೆಯನ್ನು ಕಳೆದುಕೊಂಡ ನೆರಳನ್ನು. ಏಕಾಕಿನಿಯ ಚಿತ್ರಕ್ಕೆ ಇದರಿಂದಾದ ನಷ್ಟ ದೊಡ್ಡದು. ಹಲವು ಪಾತ್ರಗಳಿರುವ ಚಿತ್ರದಲ್ಲಿ ಕಥೆಯಾದರೂ ಉಳಿಯುತ್ತದೆ; ಒಬ್ಬಳೇ ಇರುವ ಚಿತ್ರದಲ್ಲಿ ಮುಖದ ಭಾವ ಮಾಸಿದರೆ ಉಳಿಯುವುದು ಬರಿಯ ಚೆಲುವು.

ಈ ಕಷ್ಟದ ವರ್ಷಗಳ ನಡುವೆಯೇ, 1899ರಲ್ಲಿ, ಹಂಸ ದಮಯಂತಿಯ ತೈಲಚಿತ್ರ ರಚಿತವಾಯಿತು. ಅದು ತಿರುವನಂತಪುರದ ಶ್ರೀಚಿತ್ರಾ ಚಿತ್ರಶಾಲೆಯ ಸಂಗ್ರಹಕ್ಕೆ ಸೇರಿದ್ದು. ಕೆಂಪು ಸೀರೆಯುಟ್ಟ ದಮಯಂತಿ ಉದ್ಯಾನದಲ್ಲಿ ಕಲ್ಲಿನ ಕಟಾಂಜನದ ಬಳಿ ನಿಂತಿದ್ದಾಳೆ. ಅದರ ಮೇಲೆ ಬಿಳಿಯ ಹಂಸ ಅವಳ ಕಡೆಗೆ ತಿರುಗಿ ಕುಳಿತಿದೆ. ಅವಳ ತಲೆ ಒಂದಿಷ್ಟು ವಾಲಿದೆ. ನೋಟದಲ್ಲಿ ಚಿಂತೆಯ ನೆರಳಿದೆ. ಸಖಿಯರಿಲ್ಲ, ನಳನಿಲ್ಲ.

ಈ ಕಥೆ ಕನ್ನಡ ಓದುಗರಿಗೆ ಹೊಸದಲ್ಲ. ವ್ಯಾಸಭಾರತದ ವನಪರ್ವದಿಂದ ಹೊರಟ ಇದು ಚೌಂಡರಸನ ನಳಚಂಪುವಿಗೂ ಕನಕದಾಸರ ನಳಚರಿತ್ರೆಗೂ ವಸ್ತುವಾಗಿದೆ. ರವಿವರ್ಮನಿಗಾದರೋ ಉಣ್ಣಾಯಿ ವಾರಿಯರ್ ರಚಿಸಿದ ನಳಚರಿತದ ಆಟ್ಟಕಥೆಯ ಮೂಲಕ ಕೇರಳದ ರಂಗದ ಮೇಲೂ ಪರಿಚಿತವಾಗಿದ್ದ ಕಥೆ. ಮೂಲಭಾರತದಲ್ಲಿ ದಮಯಂತಿಯೂ ಸಖಿಯರೂ ಉದ್ಯಾನದಲ್ಲಿ ಒಬ್ಬೊಬ್ಬರು ಒಂದೊಂದು ಹಂಸವನ್ನು ಹಿಡಿಯಲು ಹೋಗುತ್ತಾರೆ. ದಮಯಂತಿ ಬೆನ್ನಟ್ಟಿದ ಹಂಸವು ಮನುಷ್ಯರ ಮಾತಿನಲ್ಲಿ ನಳನ ಗುಣಗಳನ್ನು ಬಣ್ಣಿಸುತ್ತದೆ. ಆದುದರಿಂದ ಈ ಚಿತ್ರದ ಒಂಟಿತನವು ತ್ಯಕ್ತೆಯ ಒಂಟಿತನವಲ್ಲ. ಆಟದ ನಡುವೆ, ಗೆಳತಿಯರಿಂದ ಕೆಲವು ಹೆಜ್ಜೆ ದೂರ ಬಂದಾಗ, ಅಕಸ್ಮಾತ್ತಾಗಿ ಒದಗಿದ ಒಂಟಿತನ. ಆ ಕೆಲವು ಹೆಜ್ಜೆಗಳಲ್ಲಿ ಅವಳ ಬಾಲ್ಯ ಹಿಂದೆ ಉಳಿದಿದೆ.

ಏಕಾಕಿನಿಯನ್ನು ಕಂಡೊಡನೆ ವಿರಹವೆಂದು ಹೇಳಿಬಿಡುವುದು ನಮ್ಮ ಅಭ್ಯಾಸ. ಭರತನು ಎಣಿಸಿದ ಎಂಟು ಬಗೆಯ ನಾಯಿಕೆಯರಲ್ಲಿ ಒಬ್ಬಳಾಗಿ ದಮಯಂತಿಯನ್ನು ನಿಲ್ಲಿಸಲು ಹೊರಟರೆ ಈ ಅಭ್ಯಾಸದ ತೊಡಕು ತಿಳಿಯುತ್ತದೆ. ವಿರಹೋತ್ಕಂಠಿತೆ ಎನ್ನೋಣವೆಂದರೆ ಬರಬೇಕಾದ ಪ್ರಿಯನು ತಡಮಾಡಿರಬೇಕು. ಪ್ರೋಷಿತಭರ್ತೃಕೆ ಎನ್ನೋಣವೆಂದರೆ ಪತಿ ದೂರದೇಶಕ್ಕೆ ಹೋಗಿರಬೇಕು. ಇವಳು ನಳನನ್ನು ಇನ್ನೂ ಕಂಡೇ ಇಲ್ಲ. ಇವಳದು ಅಲಂಕಾರಿಕರು ಪೂರ್ವಾನುರಾಗವೆಂದು ಕರೆದ ಅವಸ್ಥೆ; ಅದರಲ್ಲೂ ನೋಡಿ ಹುಟ್ಟಿದ್ದಲ್ಲ, ಕೇಳಿ ಹುಟ್ಟಿದ್ದು. ಅವಳ ಮನಸ್ಸಿನಲ್ಲಿ ಈಗಿರುವುದು ಒಂದು ಹೆಸರು, ಕೆಲವು ಮಾತು. ಕಳೆದುಕೊಂಡವಳ ದುಃಖಕ್ಕೆ ನೆನಪಿನ ಆಸರೆಯಿರುತ್ತದೆ. ಇನ್ನೂ ಪಡೆಯದವಳ ತವಕಕ್ಕೆ ಅಂಥ ಆಸರೆಯೂ ಇಲ್ಲ. ಅವಳ ಮುಖದಲ್ಲಿರುವ ಚಿಂತೆ ಶೋಕಕ್ಕೆ ಜಾರದೆ, ಹರ್ಷಕ್ಕೂ ಏರದೆ ನಡುವೆ ನಿಂತಿರುವುದಕ್ಕೆ ಕಾರಣ ಇದೇ. ಸಂಚಾರಿಭಾವಗಳ ಪರಿಭಾಷೆಯಲ್ಲಿ ಹೇಳುವುದಾದರೆ ಔತ್ಸುಕ್ಯವೂ ಚಿಂತೆಯೂ ವ್ರೀಡೆಯೂ ಒಂದರೊಳಗೊಂದು ಬೆರೆತ ಗಳಿಗೆ ಅದು.

ಇಲ್ಲಿ ಚಿತ್ರಕಾರನು ಎದುರಿಸಿದ ಕಷ್ಟವನ್ನು ಗುರುತಿಸಬೇಕು. ಕವಿಗೆ ಹಂಸದ ಮಾತು ದೊರೆಯುತ್ತದೆ. ನಳನ ವರ್ಣನೆಗೆ ಅವನು ಎಷ್ಟು ಪದ್ಯಗಳನ್ನಾದರೂ ಬಳಸಬಹುದು. ಚಿತ್ರಕಾರನಿಗೆ ಮಾತೇ ಇಲ್ಲ. ನಡೆಯುತ್ತಿರುವ ಘಟನೆಯೆಂದರೆ ಕೇಳುವುದು. ಕೇಳುವುದನ್ನು ಕಣ್ಣಿಗೆ ತೋರಿಸುವ ಬಗೆ ಹೇಗೆ? ರವಿವರ್ಮನು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಅವನು ಚಲನೆಯನ್ನೆಲ್ಲ ನಿಲ್ಲಿಸಿಬಿಟ್ಟನು. ಹಂಸವನ್ನು ಹಿಡಿಯಲು ಓಡಿಬಂದವಳು ಹಿಡಿಯುವುದನ್ನು ಮರೆತು ನಿಂತಿದ್ದಾಳೆ. ಹಾರಿಹೋಗಬೇಕಾದ ಹಕ್ಕಿ ಹಾರದೆ ಕುಳಿತಿದೆ. ಈ ನಿಶ್ಚಲತೆಯೇ ಮಾತು ನಡೆಯುತ್ತಿದೆಯೆಂಬುದಕ್ಕೆ ಸಾಕ್ಷಿ. ಕಾವ್ಯದಲ್ಲಿ ಹೇಳಿದ ಮಾತಿನಿಂದ ಹೇಳದ ಅರ್ಥ ಧ್ವನಿಸುವಂತೆ, ಚಿತ್ರದಲ್ಲಿ ಕಾಣುವ ಮೌನದಿಂದ ಕಾಣದ ಮಾತು ಧ್ವನಿಸುತ್ತದೆ.

ಸಂಕೇತಗಳ ವಿಚಾರದಲ್ಲಿ ಎಚ್ಚರ ಅಗತ್ಯ. ಹಂಸವೆಂದರೆ ನೀರಿನಿಂದ ಹಾಲನ್ನು ಬೇರ್ಪಡಿಸುವ ವಿವೇಕ, ಸರಸ್ವತಿಯ ವಾಹನ, ದೇಹವೆಂಬ ಗೂಡಿನ ಜೀವ ಎಂಬ ಅರ್ಥಪರಂಪರೆ ನಮ್ಮಲ್ಲಿದೆ. ಇವೆಲ್ಲವನ್ನೂ ಈ ಚಿತ್ರದ ಮೇಲೆ ಹೇರಿದರೆ ಹುಡುಗಿಯೊಬ್ಬಳ ಮೊದಲ ಒಲವು ವೇದಾಂತದ ಭಾರಕ್ಕೆ ಕುಸಿಯುತ್ತದೆ. ಇಲ್ಲಿ ಹಂಸ ಮೊದಲಿಗೆ ದೂತ. ಆದರೆ ದೂತನು ಹಕ್ಕಿಯಾಗಿರುವುದರಿಂದ ಒಂದು ವಿಶೇಷಾರ್ಥ ಸಾಧ್ಯವಾಗುತ್ತದೆ: ಅರಮನೆಯ ಕಟ್ಟುಕಟ್ಟಳೆಯೊಳಗಿನ ಕನ್ಯೆಗೆ ಹೊರಗಿನ ಲೋಕದ ಸುದ್ದಿಯನ್ನು ತರಬಲ್ಲುದು ಗೋಡೆಯನ್ನು ಲೆಕ್ಕಿಸದ ರೆಕ್ಕೆಗೆ ಮಾತ್ರ ಸಾಧ್ಯ. ಕಲ್ಲಿನ ಕಟಾಂಜನವು ಅವಳಿಗೆ ಎಲ್ಲೆ, ಹಂಸಕ್ಕೆ ಕುಳಿತುಕೊಳ್ಳುವ ಜಾಗ. ಒಂದೇ ಕಲ್ಲು ಇಬ್ಬರಿಗೆ ಎರಡಾಗಿ ಒದಗುವುದರಲ್ಲಿ ಚಿತ್ರದ ಅರ್ಥದ ತಿರುಳಿದೆ.

ಬಣ್ಣದ ಸಂಗತಿಯೂ ಹೀಗೆಯೇ. ನಾಟ್ಯಶಾಸ್ತ್ರದ ಪಟ್ಟಿಯನ್ನು ಹಿಡಿದು ನೋಡಿದರೆ ಶೃಂಗಾರದ ಬಣ್ಣ ಶ್ಯಾಮ, ಕೆಂಪು ರೌದ್ರದ ಬಣ್ಣ. ದಮಯಂತಿಯ ಸೀರೆಗೆ ಆ ಪಟ್ಟಿ ಹೊಂದುವುದಿಲ್ಲ. ಭಾಷೆಯೇ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದ ಕೈಮರ. ರಾಗವೆಂಬ ಶಬ್ದಕ್ಕೆ ಬಣ್ಣ, ಅದರಲ್ಲೂ ಕೆಂಪು, ಎಂಬುದೂ ಅರ್ಥ. ಒಲವು ಎಂಬುದೂ ಅರ್ಥ. ನಮ್ಮ ಕವಿಗಳು ಈ ಎರಡರ್ಥಗಳನ್ನು ಬೆಸೆಯುತ್ತಲೇ ಬಂದಿದ್ದಾರೆ. ಚಿತ್ರದಲ್ಲಿ ಹಂಸ ಬಿಳಿ, ದಮಯಂತಿ ಕೆಂಪು. ಸುದ್ದಿ ತಂದವನಿಗೆ ಸುದ್ದಿಯ ಬಣ್ಣ ಹತ್ತಿಲ್ಲ. ಕೇಳಿದವಳಿಗೆ ಅದು ಆಗಲೇ ಹತ್ತಿದೆ. ಚಿತ್ರಕಾರನು ಇದನ್ನು ಯೋಚಿಸಿಯೇ ಮಾಡಿದನೆಂದು ಹೇಳಲು ಯಾವ ದಾಖಲೆಯ ಅಗತ್ಯವೂ ಇಲ್ಲ, ಅಧಿಕಾರವೂ ಇಲ್ಲ. ಪರಂಪರೆಯೊಳಗೆ ಬೆಳೆದವನ ಕೈ ಯೋಚನೆಗಿಂತ ಮೊದಲೇ ಸರಿಯಾದ ಬಣ್ಣವನ್ನು ಆರಿಸಿಕೊಳ್ಳುವುದುಂಟು.

ಈ ಓದಿಗೆ ಒಂದು ಪ್ರಬಲವಾದ ಆಕ್ಷೇಪವಿದೆ. ರವಿವರ್ಮನ ಮರಣದ ಆಸುಪಾಸಿನಲ್ಲೇ ಇ. ಬಿ. ಹ್ಯಾವೆಲ್, ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಮೊದಲಾದವರು ಅವನ ಕಲೆಯನ್ನು ಕಟುವಾಗಿ ವಿಮರ್ಶಿಸಿದರು. ಪುರಾಣದ ಪಾತ್ರಗಳು ಇಲ್ಲಿ ನಾಟಕದ ವೇಷಗಳಾಗಿವೆ, ಐರೋಪ್ಯ ವಿಧಾನವು ಭಾರತೀಯ ಕಲ್ಪನೆಯ ಆಳವನ್ನು ಮುಟ್ಟಲಾರದು ಎಂಬುದು ಅವರ ಮಾತಿನ ಸಾರ. ನೆಲದ ಮೇಲೆ ಮೈಚಾಚಿ ಪತ್ರ ಬರೆಯುವ ಶಕುಂತಲೆಯ ಭಂಗಿಯನ್ನು ನಿವೇದಿತಾ ಅವರು ಒಪ್ಪಲಿಲ್ಲ. ಈ ಟೀಕೆಯ ಬೆನ್ನಿಗೆ ಅವನೀಂದ್ರನಾಥ ಠಾಕೂರರ ಬಂಗಾಳ ಸಂಪ್ರದಾಯ ಬೆಳೆಯಿತು. ಮೈಸೂರಿನ ಚರಿತ್ರೆಯಲ್ಲಿ ಈ ತಿರುವು ಸ್ಪಷ್ಟವಾಗಿ ಕಾಣುತ್ತದೆ. ರವಿವರ್ಮನಿಗೆ ಕೆಲಸ ವಹಿಸಿದ ನಾಲ್ವಡಿ ಕೃಷ್ಣರಾಜ ಒಡೆಯರೇ ಮುಂದೆ 1909ರಲ್ಲಿ ಕೆ. ವೆಂಕಟಪ್ಪನವರನ್ನು ಕಲ್ಕತ್ತೆಗೆ, ಅವನೀಂದ್ರನಾಥರ ಬಳಿಗೆ ಕಳುಹಿಸಿಕೊಟ್ಟರು. ಒಬ್ಬರೇ ಅರಸರ ಆಶ್ರಯದಲ್ಲಿ ಭಾರತೀಯ ಚಿತ್ರಕಲೆಯ ಎರಡು ವಿರುದ್ಧ ದಾರಿಗಳು ಒಂದರ ಹಿಂದೊಂದು ನಡೆದುವು.

ಟೀಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಹಲವರು ನೆರೆದಿರುವ ಅವನ ಪುರಾಣಚಿತ್ರಗಳಲ್ಲಿ ಪಾತ್ರಗಳು ಪ್ರೇಕ್ಷಕರಿಗಾಗಿ ನಿಂತಂತೆ ತೋರುವುದುಂಟು. ಆದರೆ ಏಕಾಕಿನಿಯ ಚಿತ್ರಗಳಿಗೆ ಈ ಮಾತನ್ನು ಹಾಗೆಯೇ ಅನ್ವಯಿಸುವುದು ನ್ಯಾಯವಲ್ಲ. ಪ್ರದರ್ಶನದ ಗುಣ ಬರಬೇಕಾದರೆ ಪಾತ್ರಕ್ಕೆ ತನ್ನನ್ನು ಯಾರೋ ನೋಡುತ್ತಿದ್ದಾರೆಂಬ ಅರಿವಿರಬೇಕು. ಹಂಸದ ಮಾತಿಗೆ ಕಿವಿಗೊಟ್ಟ ದಮಯಂತಿಗೆ ಆ ಅರಿವಿಲ್ಲ. ಅವಳು ನಮಗಾಗಿ ನಿಂತಿಲ್ಲ. ನಾವೇ ಅವಳ ಏಕಾಂತಕ್ಕೆ ಕರೆಯದೆ ಬಂದವರು. ಈ ಭೇದವನ್ನು ಕಾಣದ ವಿಮರ್ಶೆ, ಮಾಸಿದ ಮುದ್ರಿತ ಪ್ರತಿಯನ್ನು ನೋಡಿ ಮೂಲಚಿತ್ರದ ಮೇಲೆ ತೀರ್ಪು ಕೊಟ್ಟಂತಾಗುತ್ತದೆ. 1979ರಲ್ಲಿ ಭಾರತ ಸರ್ಕಾರವು ರವಿವರ್ಮನ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿಗಳ ಸಾಲಿಗೆ ಸೇರಿಸಿತು. 1993ರಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅವನ ಮೂಲಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಅನಂತರ ಅವನ ಮರುಮೌಲ್ಯಮಾಪನಕ್ಕೆ ಬಲ ಬಂದದ್ದರಲ್ಲಿ, ಜನ ಅಚ್ಚನ್ನು ಬಿಟ್ಟು ಮೂಲವನ್ನು ನೋಡಿದ್ದರ ಪಾಲೂ ಇದೆ.

ರವಿವರ್ಮನ ಕೊನೆಯ ವರ್ಷಗಳು ಗೌರವ ಮತ್ತು ವಿಯೋಗಗಳೆರಡನ್ನೂ ತಂದುವು. 1900ರಲ್ಲಿ ಅವನ ಇಬ್ಬರು ಮೊಮ್ಮಕ್ಕಳು ತಿರುವಾಂಕೂರು ರಾಜಮನೆತನಕ್ಕೆ ದತ್ತುಹೋದರು. 1904ರಲ್ಲಿ ಬ್ರಿಟಿಷ್ ಸರ್ಕಾರ ಕೈಸರ್-ಎ-ಹಿಂದ್ ಚಿನ್ನದ ಪದಕವನ್ನಿತ್ತಿತು. 1897ರ ಬೆಂಕಿಯ ಅನಂತರ ಮೈಸೂರಿನಲ್ಲಿ ಕಟ್ಟಲಾಗುತ್ತಿದ್ದ ಹೊಸ ಅರಮನೆಗಾಗಿ ಪುರಾಣಚಿತ್ರಗಳ ಸರಣಿಯೊಂದನ್ನು ಬರೆಯುವ ಕೆಲಸವೂ ಬಂದಿತು. ಆ ಕೆಲಸದ ನಡುವೆ, 1905ರ ಆರಂಭದಲ್ಲಿ, ತಮ್ಮ ರಾಜರಾಜವರ್ಮನು ತೀರಿಕೊಂಡನು. ಅವನು ಬರಿಯ ತಮ್ಮನಲ್ಲ. ಭೂದೃಶ್ಯಗಳಲ್ಲಿ ನುರಿತ ಚಿತ್ರಕಾರ, ಪ್ರವಾಸಗಳ ಸಂಗಾತಿ, ವ್ಯವಹಾರದ ಕಾರ್ಯದರ್ಶಿ. ಅವನು ಇಂಗ್ಲಿಷಿನಲ್ಲಿ ಬರೆದಿಟ್ಟ ದಿನಚರಿಯೇ ಅಣ್ಣನ ಬಾಳಿನ ಕೊನೆಯ ದಶಕಕ್ಕೆ ಮುಖ್ಯ ಆಕರ. ಅಣ್ಣನ ಎಷ್ಟೋ ಚಿತ್ರಗಳ ಹಿನ್ನೆಲೆಯ ಮರ, ನೀರು, ಆಕಾಶಗಳಲ್ಲಿ ತಮ್ಮನ ಕೈವಾಡವಿತ್ತು. ಏಕಾಕಿನಿಯರನ್ನು ಬರೆದ ಕುಂಚ ಒಂಟಿಯದಾಗಿರಲಿಲ್ಲ. ಅದು ಒಂಟಿಯಾದದ್ದು ಈ ಸಾವಿನಿಂದ. ಮಧುಮೇಹದಿಂದ ಬಳಲುತ್ತಿದ್ದ ರವಿವರ್ಮನು ಮೈಸೂರಿನ ಕೆಲಸವನ್ನು ಮುಗಿಸಿಕೊಟ್ಟು, 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ಕಣ್ಣು ಮುಚ್ಚಿದನು. ಆಗ ಅವನಿಗೆ 58 ವರ್ಷ.

ಮತ್ತೆ ಜಗನ್ಮೋಹನ ಅರಮನೆಯ ದೀಪದ ಹೆಣ್ಣಿನ ಬಳಿಗೆ ಬರೋಣ. ಈಗ ಎರಡು ಚಿತ್ರಗಳ ಅಂತರ ನಿಚ್ಚಳವಾಗುತ್ತದೆ. ದಮಯಂತಿಗೆ ಕಥೆಯಿದೆ, ಅವಳ ಮೌನದ ಹಿಂದೆ ಒಂದು ಕಾವ್ಯಪರಂಪರೆ ನಿಂತಿದೆ, ಅದನ್ನು ಅರಿತವರಿಗೆ ಅವಳ ಭಾವ ತೆರೆದುಕೊಳ್ಳುತ್ತದೆ. ಹಳದಣಕರರ ಹೆಣ್ಣಿಗೆ ಕಥೆಯಿಲ್ಲ, ಹೆಸರಿಲ್ಲ. ಅವಳ ಕೈಯ ದೀಪವೇ ಅವಳ ಕಥೆ. ದಮಯಂತಿ ಹೊರಗಿನಿಂದ ಬಂದ ಮಾತಿಗೆ ತನ್ನನ್ನು ತೆರೆದುಕೊಂಡಿದ್ದಾಳೆ. ಇವಳು ಹೊರಗಿನ ಗಾಳಿಯಿಂದ ತನ್ನ ಬೆಳಕನ್ನು ಕಾಪಾಡಿಕೊಳ್ಳುತ್ತಿದ್ದಾಳೆ. ಒಬ್ಬಳದು ನಿರೀಕ್ಷೆ, ಇನ್ನೊಬ್ಬಳದು ರಕ್ಷಣೆ. ಇಬ್ಬರೂ ಒಂಟಿ ಎಂಬ ಒಂದೇ ಕಾರಣಕ್ಕೆ ಇಬ್ಬರನ್ನೂ ಒಂದೇ ಹೆಸರಿನ ಕೆಳಗೆ ತಂದರೆ ಎರಡು ಭಾವಗಳಿಗೂ ಅನ್ಯಾಯವಾಗುತ್ತದೆ. ಹೆಸರಿನ ತಪ್ಪು ಅಷ್ಟಕ್ಕೇ ನಿಲ್ಲದೆ ಅರ್ಥದ ತಪ್ಪಾಗಿ ಬೆಳೆಯುವುದು ಹೀಗೆ.

ಇದರಲ್ಲಿ ಇನ್ನೊಂದು ಪಾಠವೂ ಇದೆ. ಮೈಸೂರಿನ ಚಿತ್ರದಲ್ಲಿ ಮಾದರಿಯಾಗಿ ನಿಂತವಳು ಯಾರೆಂಬುದು ತಿಳಿದಿದೆ, ನೋಡುವವರು ಮರೆತಿರುವುದು ಚಿತ್ರಕಾರನನ್ನು. ರವಿವರ್ಮನ ಚಿತ್ರಗಳಲ್ಲಿ ಚಿತ್ರಕಾರನ ಹೆಸರು ಬೆಳಗುತ್ತಿದೆ. ದಮಯಂತಿಯಾಗಿ, ಮೋಹಿನಿಯಾಗಿ ಗಂಟೆಗಟ್ಟಲೆ ನಿಂತ ಹೆಣ್ಣುಮಕ್ಕಳಲ್ಲಿ ಬಹುಪಾಲಿನವರು ಮರೆಯಲ್ಲಿ ಉಳಿದಿದ್ದಾರೆ. ನಮ್ಮ ಕಾವ್ಯದ ನಾಯಿಕೆಯರ ಮುಖವೆಂದು ನಾವು ಬಾಲ್ಯದಿಂದ ತಿಳಿದುಕೊಂಡ ಮುಖಗಳು ಅವರವು. ಕನ್ನಡ ಕಾವ್ಯವನ್ನು ಓದುವ ವಿದ್ಯಾರ್ಥಿ ಇನ್ನು ಮುಂದೆ ಹಂಸದ ಪ್ರಸಂಗಕ್ಕೆ ಬಂದಾಗ ಕಣ್ಣ ಮುಂದೆ ಕೆಂಪು ಸೀರೆಯ ಆ ಹೆಣ್ಣು ಬಂದು ನಿಂತರೆ, ಅವಳಲ್ಲಿ ಕವಿಯ ಪಾಲೆಷ್ಟು, ಚಿತ್ರಕಾರನ ಪಾಲೆಷ್ಟು, ಹೆಸರಿಲ್ಲದೆ ನಿಂತವಳ ಪಾಲೆಷ್ಟು ಎಂದು ಒಂದು ಗಳಿಗೆ ಕೇಳಿಕೊಳ್ಳಲಿ. ರವಿವರ್ಮನನ್ನು ಸ್ಮರಿಸುವುದಕ್ಕೆ ಅದಕ್ಕಿಂತ ಪ್ರಾಮಾಣಿಕವಾದ ದಾರಿ ಬೇರೊಂದಿರಲಾರದು.